ಒಂದು ಸಾಲಿನ ಸಾಮಾನ್ಯ ಜ್ಞಾನ: ಗಟ್ಟಿ ಎಷ್ಟು, ಜೊಳ್ಳು ಎಷ್ಟು?

ಜಗತ್ತಿನ ಅತಿ ಎತ್ತರದ ಶಿಖರ ಎವರೆಸ್ಟ್. ಅತಿ ದೊಡ್ಡ ಮರುಭೂಮಿ ಸಹಾರಾ. ಉಗಿಯಂತ್ರ ಕಂಡುಹಿಡಿದವನು ಜೇಮ್ಸ್ ವಾಟ್. ಸಾಮಾನ್ಯ ಜ್ಞಾನದ ಪುಸ್ತಕಗಳು ಇತಿಹಾಸ, ಭೂಗೋಳ, ವಿಜ್ಞಾನಗಳನ್ನು ಹೀಗೆ ಒಂದೊಂದು ಸಾಲಿಗೆ ಇಳಿಸಿ ಕೊಡುತ್ತವೆ. ಶಾಲೆಯ ರಸಪ್ರಶ್ನೆಯಿಂದ ಹಿಡಿದು ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಪರೀಕ್ಷೆಗಳವರೆಗೆ ಇವುಗಳಿಗೆ ಬೇಡಿಕೆಯಿದೆ.

ಈ ಬರವಣಿಗೆಯ ಉಪಯೋಗ ಸಣ್ಣದಲ್ಲ. ಹೆಸರು, ಇಸವಿ, ಸ್ಥಳಗಳ ಪರಿಚಯವೇ ಇಲ್ಲದವರಿಗೆ ದೊಡ್ಡ ಗ್ರಂಥ ತೆರೆದರೂ ದಾರಿ ತಿಳಿಯುವುದಿಲ್ಲ. 1757 ಎಂದೊಡನೆ ಪ್ಲಾಸಿ ಕದನ, 1789 ಎಂದೊಡನೆ ಫ್ರಾನ್ಸಿನ ಕ್ರಾಂತಿ ನೆನಪಾಗುವವರಿಗೆ ಮುಂದಿನ ಓದು ಸುಲಭ. ಕಂಠಪಾಠವೆಂಬ ಒಂದೇ ಕಾರಣಕ್ಕೆ ಇಂಥ ತಿಳಿವಳಿಕೆಯನ್ನು ಹಳಿಯುವುದು ಸರಿಯಲ್ಲ. ಸಾಲನ್ನು ಚಿಕ್ಕದು ಮಾಡುವ ಭರದಲ್ಲಿ ಏನನ್ನು ಕೈಬಿಡಲಾಗಿದೆ ಎಂಬುದನ್ನು ನೋಡಿಯೇ ಅದರ ಬೆಲೆ ಕಟ್ಟಬೇಕು.

ಮೊದಲು ಕೈಬಿಟ್ಟುಹೋಗುವುದು ಅಳತೆಗೋಲು. ಎವರೆಸ್ಟ್ ಅತಿ ಎತ್ತರದ್ದಾಗುವುದು ಸಮುದ್ರಮಟ್ಟದಿಂದ ಅಳೆದಾಗ. ಹವಾಯಿಯ ಮೌನಾ ಕಿಯಾ ಸಮುದ್ರಮಟ್ಟದಿಂದ 4,207 ಮೀಟರ್ ಮಾತ್ರ. ಆದರೆ ಕಡಲತಳದಲ್ಲಿರುವ ಬುಡದಿಂದ ಅಳೆದರೆ 10,000 ಮೀಟರ್ ದಾಟುತ್ತದೆ. ಭೂಮಿಯ ಕೇಂದ್ರದಿಂದ ಅತಿ ದೂರದಲ್ಲಿರುವುದು ಈಕ್ವೆಡಾರಿನ ಚಿಂಬೊರಾಜೊ ಶಿಖರ. ಭೂಮಿ ಸಮಭಾಜಕ ವೃತ್ತದ ಬಳಿ ಉಬ್ಬಿರುವುದೇ ಇದಕ್ಕೆ ಕಾರಣ. ‘ಸಮುದ್ರಮಟ್ಟದಿಂದ’ ಎಂಬ ಒಂದು ಪದ ಸೇರಿಸಿದರೆ ಸಾಲು ಸರಿಹೋಗುತ್ತದೆ. ಮರುಭೂಮಿಯ ವಿಷಯದಲ್ಲೂ ಹೀಗೆಯೇ. ಸಹಾರಾ ಅತಿ ದೊಡ್ಡ ‘ಬಿಸಿ’ ಮರುಭೂಮಿ; ಮಳೆ, ಹಿಮ ಬೀಳುವ ಪ್ರಮಾಣವನ್ನೇ ಲೆಕ್ಕಕ್ಕೆ ಹಿಡಿದರೆ ಅಂಟಾರ್ಕ್ಟಿಕಾ ಅದಕ್ಕಿಂತ ಬಹಳ ದೊಡ್ಡದು.

ಇದೇ ಗೊಂದಲ ಕರ್ನಾಟಕದ ಜಲಪಾತಗಳಲ್ಲೂ ಇದೆ. ಭಾರತದ ಅತಿ ಎತ್ತರದ ಜಲಪಾತ ಯಾವುದೆಂಬ ಪ್ರಶ್ನೆಗೆ ಜೋಗ ಎಂಬ ಉತ್ತರವೂ ಉಂಟು, ವಾರಾಹಿ ನದಿಯ ಕುಂಚಿಕಲ್ ಎಂಬ ಉತ್ತರವೂ ಉಂಟು. ಶರಾವತಿ ಜೋಗದಲ್ಲಿ 253 ಮೀಟರ್ ಆಳಕ್ಕೆ ಧುಮುಕುತ್ತದೆ. ಕುಂಚಿಕಲ್‌ನಲ್ಲಿ ನೀರು ಬಂಡೆಗಳ ಮೇಲೆ ಹಂತಹಂತವಾಗಿ ಇಳಿಯುತ್ತದೆ. ಒಂದೇ ನೆಗೆತವನ್ನು ಮಾತ್ರ ಎಣಿಸುವುದಾದರೆ ಮೇಘಾಲಯದ ನೊಹ್ಕಲಿಕಾಯ್ ಜೋಗವನ್ನೂ ಮೀರಿಸುತ್ತದೆ. ಹಂತಗಳನ್ನು ಕೂಡಿಸಬೇಕೇ ಬೇಡವೇ ಎಂದು ಹೇಳದ ಪ್ರಶ್ನೆಗೆ ಒಂದೇ ಉತ್ತರ ಇರಲಾರದು.

ಎರಡನೆಯದಾಗಿ ಕೈಬಿಡುವುದು ಕಾಲ. ಎವರೆಸ್ಟಿನ ಎತ್ತರ ಬಹುಕಾಲ 8,848 ಮೀಟರ್ ಎಂದಿತ್ತು. 2020ರ ಡಿಸೆಂಬರಿನಲ್ಲಿ ನೇಪಾಳ ಮತ್ತು ಚೀನಾ ಒಟ್ಟಾಗಿ 8,848.86 ಮೀಟರ್ ಎಂದು ಪ್ರಕಟಿಸಿದವು. 1930ರಲ್ಲಿ ಪತ್ತೆಯಾದ ಪ್ಲೂಟೊ 2006ರ ಆಗಸ್ಟ್‌ವರೆಗೆ ಒಂಬತ್ತನೆಯ ಗ್ರಹ. ಅದಕ್ಕೆ ಹೆಚ್ಚುಕಡಿಮೆ ಸಮನಾದ ಎರಿಸ್ ಸಿಕ್ಕಮೇಲೆ ಗ್ರಹ ಯಾವುದೆಂದು ನಿರ್ಣಯಿಸುವುದು ಅನಿವಾರ್ಯವಾಯಿತು. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಮೂರು ಷರತ್ತು ಹಾಕಿತು: ಸೂರ್ಯನನ್ನು ಸುತ್ತಬೇಕು, ದುಂಡಗಿರಬೇಕು, ತನ್ನ ಕಕ್ಷೆಯ ನೆರೆಯನ್ನು ತೆರವು ಮಾಡಿಕೊಂಡಿರಬೇಕು. ಪ್ಲೂಟೊ ಸೋತದ್ದು ಮೂರನೆಯದರಲ್ಲಿ. ‘ಗ್ರಹಗಳು ಎಂಟು’ ಎಂದಷ್ಟೇ ತಿದ್ದಿದ ಪುಸ್ತಕ ಉತ್ತರವನ್ನು ಬದಲಿಸಿತೇ ಹೊರತು ವಿಜ್ಞಾನ ತನ್ನ ವರ್ಗೀಕರಣವನ್ನು ಹೇಗೆ ತಿದ್ದಿಕೊಳ್ಳುತ್ತದೆ ಎಂಬುದನ್ನು ಹೇಳಲಿಲ್ಲ.

ಹೆಚ್ಚಿನ ನಷ್ಟವಾಗುವುದು ‘ಕಂಡುಹಿಡಿದವರು’ ಎಂಬ ಪಟ್ಟಿಗಳಲ್ಲಿ. ಥಾಮಸ್ ನ್ಯೂಕಮೆನ್‌ನ ಉಗಿಯಂತ್ರ 1712ರಲ್ಲೇ ಇಂಗ್ಲೆಂಡಿನ ಗಣಿಗಳಿಂದ ನೀರೆತ್ತುತ್ತಿತ್ತು. ಗ್ಲಾಸ್ಗೊ ವಿಶ್ವವಿದ್ಯಾಲಯದಲ್ಲಿ ಅದರ ಸಣ್ಣ ಮಾದರಿಯೊಂದು ರಿಪೇರಿಗೆ ಬಂದಾಗ ವಾಟ್ ಅದರ ದೋಷವನ್ನು ಗುರುತಿಸಿದ. ಪ್ರತಿ ಬಡಿತಕ್ಕೂ ಸಿಲಿಂಡರನ್ನು ಉಗಿಯಿಂದ ಕಾಯಿಸಿ, ಮತ್ತೆ ನೀರಿನಿಂದ ತಣಿಸಬೇಕಿತ್ತು. ಉಗಿಯ ಬಹುಪಾಲು ಸಿಲಿಂಡರನ್ನು ಕಾಯಿಸುವುದಕ್ಕೇ ಖರ್ಚಾಗುತ್ತಿತ್ತು. ಉಗಿಯನ್ನು ತಣಿಸಲು ಬೇರೆಯೇ ಪಾತ್ರೆ ಇಟ್ಟು, ಸಿಲಿಂಡರನ್ನು ಸದಾ ಬಿಸಿಯಾಗಿಯೇ ಉಳಿಸಿಕೊಂಡದ್ದು ಅವನ ಸಾಧನೆ. ಅದಕ್ಕೆ 1769ರಲ್ಲಿ ಪೇಟೆಂಟ್ ಸಿಕ್ಕಿತು. ಪಟ್ಟಿಯ ಸಾಲು ನ್ಯೂಕಮೆನ್‌ನನ್ನು ಮರೆಸುತ್ತದೆ, ವಾಟ್ ನಿಜವಾಗಿ ಮಾಡಿದ್ದನ್ನೂ ಮುಚ್ಚಿಡುತ್ತದೆ. 1498ರಲ್ಲಿ ವಾಸ್ಕೊ ಡ ಗಾಮ ಭಾರತಕ್ಕೆ ಸಮುದ್ರಮಾರ್ಗ ಕಂಡುಹಿಡಿದನೆಂಬ ಸಾಲೂ ಇದೇ ಜಾತಿಯದು. ಯುರೋಪಿನಿಂದ ಆಫ್ರಿಕಾವನ್ನು ಬಳಸಿ ಬಂದದ್ದು ಹೊಸದು. ಪೂರ್ವ ಆಫ್ರಿಕಾದಿಂದ ಮಲಬಾರಿಗೆ ಮಾನ್ಸೂನ್ ಗಾಳಿ ಹಿಡಿದು ಬರುವುದು ಅರಬ್ ಮತ್ತು ಗುಜರಾತಿ ನಾವಿಕರಿಗೆ ಹಳೆಯ ವಿದ್ಯೆ. ಗಾಮನೂ ಮಾಲಿಂದಿಯಲ್ಲಿ ದಾರಿ ಬಲ್ಲವನೊಬ್ಬನನ್ನು ಹಡಗಿಗೆ ಹತ್ತಿಸಿಕೊಂಡೇ ಕೋಳಿಕ್ಕೋಡು ತಲುಪಿದ್ದು.

ಈ ದೋಷಗಳಿಗೆ ಬಹುಮಟ್ಟಿಗೆ ಕಾರಣ ಬಹುಆಯ್ಕೆಯ ಪ್ರಶ್ನೆಪತ್ರಿಕೆ. ನಾಲ್ಕು ಆಯ್ಕೆಗಳಲ್ಲಿ ಒಂದೇ ಸರಿಯಿರಬೇಕಾದ್ದರಿಂದ ಷರತ್ತುಗಳು ಹೊರೆಯಾಗಿ ಕಾಣುತ್ತವೆ. ಕೀ ಉತ್ತರ ಪ್ರಕಟವಾದಾಗ ಆಕ್ಷೇಪಣೆಗಳು ಹುಟ್ಟುವುದು ಹೆಚ್ಚಾಗಿ ಇಂಥ ಬಿಟ್ಟುಹೋದ ಷರತ್ತುಗಳಿಂದಲೇ. ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಮಾದರಿಗಳಿವೆ. ಶಿವರಾಮ ಕಾರಂತರು 1936ರಲ್ಲೇ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಮಕ್ಕಳಿಗಾಗಿ ತಂದರು, ನಿರಂಜನರ ಸಂಪಾದಕತ್ವದ ‘ಜ್ಞಾನಗಂಗೋತ್ರಿ’ ಏಳು ಸಂಪುಟಗಳಲ್ಲಿ ಬಂತು. ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ಯಲ್ಲಿ ಡಾ. ನಾ. ಸೋಮೇಶ್ವರ ಉತ್ತರದ ಜೊತೆಗೆ ವಿವರಣೆಯನ್ನೂ ಕೊಡುತ್ತಾರೆ, ಬಹುಮಾನವೂ ಪುಸ್ತಕವೇ.

ಒಂದು ಸಾಲಿನ ಬರಹಕ್ಕೆ ವಿವರಣೆಯ ಅವಕಾಶವಿಲ್ಲ ಎಂಬ ಸಮರ್ಥನೆ ಅರ್ಧ ಮಾತ್ರ ನಿಜ. ಅಳತೆಗೋಲಿಗೆ ಒಂದು ಪದ, ಕಾಲಕ್ಕೆ ಒಂದು ಇಸವಿ ಸಾಕು. ‘ಕಂಡುಹಿಡಿದ’ ಎಂಬಲ್ಲಿ ‘ಸುಧಾರಿಸಿದ’ ಎಂದರೆ ಸಾಲು ಉದ್ದವೂ ಆಗುವುದಿಲ್ಲ. ಇಷ್ಟನ್ನು ಪಾಲಿಸಿದ ಪುಸ್ತಕ ಪರೀಕ್ಷೆಗೂ ಒದಗುತ್ತದೆ, ಪರೀಕ್ಷೆ ಮುಗಿದ ಮೇಲೂ ಒದಗುತ್ತದೆ.