ಕೈ ಊರುವ ಜಾಗ

ಕುಮಾರ ಪಾರ್ಕಿನ ಹಳೆಯ ಮನೆಗಳಲ್ಲಿ ವಯಸ್ಸಾದವರಿಗೆಂದು ರಿಪೇರಿ ಶುರುವಾದರೆ ಮೊದಲು ಏಳುವುದು ಗೇಟಿನೊಳಗಿನ ರ‍್ಯಾಂಪು. ವಿದೇಶದಲ್ಲಿರುವ ಮಗನಿಗೆ ಫೋಟೊ ಕಳಿಸಲೂ ಅದೇ ಅನುಕೂಲ. ಅಷ್ಟು ಕೆಟ್ಟದಾಗಿ ಮಾಡುವ ಕೆಲಸ ಮಾತ್ರ ಇನ್ನೊಂದಿಲ್ಲ. ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿ ಒಂದಡಿ ಏರಲು ಕನಿಷ್ಠ 12 ಅಡಿ ಉದ್ದ ಕೇಳುತ್ತದೆ. ಆರಂಗುಲದ ಮೂರು ಮೆಟ್ಟಿಲಿಗೆ 18 ಅಡಿಯಾಯಿತು. ಕಾರು ನಿಂತ ಮೇಲೆ ಅಷ್ಟು ಜಾಗವೆಲ್ಲಿ? ಮೇಸ್ತ್ರಿ ಆರೇಳು ಅಡಿಯಲ್ಲೇ ಮುಗಿಸುತ್ತಾನೆ. ಮಳೆ ಬಿದ್ದರೆ ಕೋಲು ಹಿಡಿದವರಿಗೆ ಅದು ಜಾರುಬಂಡೆ. ನಡೆಯಬಲ್ಲವರಿಗೆ ಮೆಟ್ಟಿಲನ್ನೇ ಉಳಿಸಿ ಎರಡೂ ಬದಿಗೆ ಕಂಬಿ ಹಾಕಿಸುವುದು ವಾಸಿ.

ನಿಜವಾದ ಅಪಾಯ ಬಚ್ಚಲಲ್ಲಿ. ನೀರು ಆಚೆ ಬಾರದಿರಲೆಂದು ಎರಡಂಗುಲ ತಗ್ಗಿಸಿದ ನೆಲ, ಅದರ ಮೇಲೆ ಸೋಪಿನ ನೀರು. ಆಸರೆಗೆಂದು ಹಾಕಿದ್ದು ನೋಡಿದರೆ ಟವೆಲ್ ರಾಡು! ಸುಣ್ಣದ ಗಾರೆಯ ಗೋಡೆಗೆ ಪ್ಲಾಸ್ಟಿಕ್ ಬೆಣೆ ಬಡಿದು ಕೂರಿಸಿದ ಸ್ಕ್ರೂ ಟವೆಲನ್ನು ತಾಳುತ್ತದೆ. ಕಮೋಡಿನಿಂದ ಏಳುವವರು ಮೈಭಾರ ಬಿಟ್ಟು ಎಳೆದರೆ ಗಾರೆ ಸಮೇತ ಕೈಗೆ ಬರುತ್ತದೆ. ಗಟ್ಟಿ ಕಂಬಿ ತಂದವರೂ ಟೈಲ್ಸಿನ ಗೆರೆ ನೋಡಿ ಜಾಗ ಗೊತ್ತುಮಾಡುತ್ತಾರೆ. ನೋಡಬೇಕಾದ್ದು ಗೋಡೆಯ ಮೇಲಿನ ಜಿಡ್ಡಿನ ಕಲೆಯನ್ನು. ಅಜ್ಜಿ ವರ್ಷಗಳಿಂದ ಕೈ ಊರುತ್ತಿರುವುದು ಅಲ್ಲಿಯೇ. ಕಂಬಿ ಅದರಿಂದ ಒಂದು ಮೊಳ ಆಚೆ ಹೋದರೂ ಕೈ ಹಳೆಯ ಜಾಗಕ್ಕೇ ಹೋಗುತ್ತದೆ.

ಎಲ್ಲರಿಗೂ ಒಂದೇ ‘ಸೀನಿಯರ್ ಪ್ಯಾಕೇಜ್’ ಮಾರುವುದನ್ನು ನಾನು ಒಪ್ಪದಿರುವುದೂ ಇದಕ್ಕೇ. ಕಾಕ್ರೇನ್ ಸಂಸ್ಥೆ 2023ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿತು. ಮನೆಯೊಳಗಿನ ತೊಡಕುಗಳನ್ನು ಸರಿಪಡಿಸಿದ್ದರಿಂದ ಹಿರಿಯರು ಬೀಳುವುದು ಶೇ. 26ರಷ್ಟು ತಗ್ಗಿತ್ತು, ಹಿಂದೆ ಬಿದ್ದವರು, ದಿನದ ಕೆಲಸಕ್ಕೆ ನೆರವು ಬೇಕಾದವರಂಥವರಲ್ಲಿ ಶೇ. 38ರಷ್ಟು. ಗಟ್ಟಿಮುಟ್ಟಾಗಿರುವವರಲ್ಲಿ ಲಾಭ ಕಾಣಲಿಲ್ಲ. ಅಂದರೆ ಮೊದಲು ಅಳೆಯಬೇಕಾದ್ದು ಮನೆಯನ್ನಲ್ಲ, ಮನುಷ್ಯರನ್ನು.

ತಲೆಬಾಗಿಲ ಹೊಸ್ತಿಲ ವಿಷಯದಲ್ಲಂತೂ ನಾನು ಅಜ್ಜಿಯ ಪಕ್ಷ. ದಿನವೂ ಅರಿಶಿನ ಕುಂಕುಮ ಇಟ್ಟ ಹೊಸ್ತಿಲನ್ನು ಅವರ ಕಾಲು ಎಡವುವುದು ಅಪರೂಪ. ಗಾಲಿಕುರ್ಚಿ ಬರುವತನಕ ಅದು ಇರಲಿ. ಬಚ್ಚಲ ಬಾಗಿಲಿಗೆ ಮಾತ್ರ ಈ ರಿಯಾಯಿತಿ ಬೇಡ. ಒಳಕ್ಕೆ ತೆರೆಯುವ ಬಾಗಿಲಾದರೆ ಒಳಗೆ ಬಿದ್ದವರ ಮೈಯೇ ಅದಕ್ಕೆ ಅಡ್ಡ. ಹೊರಗಿನವರು ತಳ್ಳಿದಷ್ಟೂ ಅವರಿಗೇ ಪೆಟ್ಟು. ಕೀಲು ಬದಲಿಸಿ ಹೊರಕ್ಕೆ ತಿರುಗಿಸಿ, ಚಿಲಕವನ್ನು ಹೊರಗಿನಿಂದಲೂ ತೆಗೆಯುವಂತೆ ಮಾಡಲು ಬಡಗಿಯೊಬ್ಬ ಸಾಕು. ರ‍್ಯಾಂಪಿಗೆ ಸಿಮೆಂಟು ತರಿಸುವ ಮೊದಲು ಅವನನ್ನು ಕರೆಸಿ.