ಅಡಿಗೆರೆ ಎಳೆದ ವಾಕ್ಯ

2023ರ ನವೆಂಬರ್‌ನಲ್ಲಿ ಜಿಮ್ಯಾಟ್ ಪರೀಕ್ಷೆ ‘ಫೋಕಸ್ ಎಡಿಷನ್’ ಎಂಬ ಹೊಸ ರೂಪದಲ್ಲಿ ಬಂದಾಗ ಅದರಲ್ಲಿ ಪ್ರಬಂಧ ಇರಲಿಲ್ಲ, ರೇಖಾಗಣಿತ ಇರಲಿಲ್ಲ, ‘ಸೆಂಟೆನ್ಸ್ ಕರೆಕ್ಷನ್’ ಕೂಡ ಇರಲಿಲ್ಲ. ಹಳೆಯ ಮಾದರಿಗೆ 2024ರ ಜನವರಿ 31 ಕೊನೆಯ ದಿನವಾಯಿತು. ಎಂಬಿಎ ಸೀಟಿನ ಮೇಲೆ ಕಣ್ಣಿಟ್ಟು, ಕೆಲಸ ಮುಗಿಸಿ ಬಂದು ರಾತ್ರಿ ಓದುತ್ತಿದ್ದ ಬೆಂಗಳೂರಿನ ಸಾಫ್ಟ್‌ವೇರ್ ಮಂದಿಗೆ ಇದು ಸಣ್ಣ ಸುದ್ದಿಯಾಗಿರಲಿಲ್ಲ. ಗಣಿತದಲ್ಲಿ ಸಲೀಸಾಗಿ ಅಂಕ ಎತ್ತುವವರೂ ಎಡವುತ್ತಿದ್ದ ಜಾಗ ಈ ಸೆಂಟೆನ್ಸ್ ಕರೆಕ್ಷನ್. ಕೋಚಿಂಗ್ ಕ್ಲಾಸುಗಳ ದಪ್ಪ ದಪ್ಪ ಪುಸ್ತಕಗಳನ್ನು ಮಾರಿಸಿದ್ದೂ ಇದರ ಭಯವೇ. ಹೋದದ್ದು ಒಳ್ಳೆಯದಾಯಿತೆ ಎಂದರೆ ಅರ್ಧ ಹೌದು. ಉಳಿದರ್ಧಕ್ಕೆ ತುಸು ವಾದ ಮಾಡಬೇಕಾಗುತ್ತದೆ.

ಪ್ರಶ್ನೆಯ ರೂಪವೇನೋ ಸರಳ. ಒಂದು ವಾಕ್ಯ, ಅದರ ಒಂದು ತುಂಡಿಗೋ ಇಡೀ ವಾಕ್ಯಕ್ಕೋ ಅಡಿಗೆರೆ. ಕೆಳಗೆ ಐದು ಆಯ್ಕೆ. ಮೊದಲನೆಯದು ಯಾವಾಗಲೂ ಮೂಲದ ನಕಲು, ಅಂದರೆ ‘ಇದ್ದ ಹಾಗೆಯೇ ಸರಿ’ ಎಂದು. ಉಳಿದ ನಾಲ್ಕು ತಿದ್ದಿದ ರೂಪಗಳು. ಬರೆಯುವ ಇಂಗ್ಲಿಷಿನ ಪದ್ಧತಿಗೆ ಹೊಂದುವ, ಗೊಂದಲವಿಲ್ಲದ, ಮಾತು ವ್ಯರ್ಥ ಮಾಡದ ಒಂದನ್ನು ಆರಿಸಬೇಕು. ಕೊನೆಯ ವರ್ಷಗಳ ಹಳೆಯ ಜಿಮ್ಯಾಟ್‌ನಲ್ಲಿ ಭಾಷೆಯ ಭಾಗಕ್ಕೆ 36 ಪ್ರಶ್ನೆ, 65 ನಿಮಿಷ. ಅದರಲ್ಲಿ ಮೂರನೇ ಒಂದು ಪಾಲು ಈ ಬಗೆಯದು. ಉದ್ದನೆಯ ಗದ್ಯ ಓದಿ ಉತ್ತರಿಸುವುದಕ್ಕೆ ಸಮಯ ಉಳಿಯಬೇಕೆಂದರೆ ಇಲ್ಲಿ ಒಂದೊಂದಕ್ಕೆ ಒಂದೂಕಾಲು ನಿಮಿಷಕ್ಕಿಂತ ಹೆಚ್ಚು ಕೊಡುವಂತಿಲ್ಲ. ಅಷ್ಟರಲ್ಲಿ ಐದು ವಾಕ್ಯ ಓದಿ, ತೂಗಿ, ನಾಲ್ಕನ್ನು ಹೊರಗೆ ಹಾಕಬೇಕು. ಉತ್ತರ ಒಪ್ಪಿಸಿ ಮುಂದೆ ಹೋದರೆ ಹಿಂದಿರುಗುವ ದಾರಿಯೂ ಇರಲಿಲ್ಲ.

ಒಂದನ್ನು ಬಿಡಿಸಿ ನೋಡೋಣ. ಪರೀಕ್ಷೆಯದ್ದಲ್ಲ, ಅದೇ ಅಚ್ಚಿನಲ್ಲಿ ಎರೆದದ್ದು: ‘ದ ರೆಂಟ್ ಆಫ್ ಎ ಸ್ಮಾಲ್ ಹೌಸ್ ಇನ್ ಬೆಂಗಳೂರು ಈಸ್ ಲೋವರ್ ದ್ಯಾನ್ ಮುಂಬೈ.’ ಕನ್ನಡದವರಿಗೆ ಇದರಲ್ಲಿ ತಪ್ಪೇ ಕಾಣದು. ‘ಬೆಂಗಳೂರಲ್ಲಿ ಸಣ್ಣ ಮನೆ ಬಾಡಿಗೆ ಮುಂಬೈಗಿಂತ ಕಡಿಮೆ’ ಎಂದು ದಿನಾ ಆಡುತ್ತೇವೆ, ಕೇಳಿದವರು ತಕರಾರಿಲ್ಲದೆ ತಲೆಯಾಡಿಸುತ್ತಾರೆ. ಪರೀಕ್ಷಕನ ಕಣ್ಣು ಬೇರೆ. ಇಲ್ಲಿ ಬಾಡಿಗೆಯನ್ನು ಒಂದು ಊರಿನ ಜೊತೆ ಹೋಲಿಸಿದ ಹಾಗಾಯಿತು ಎನ್ನುತ್ತಾನೆ. ಸರಿ, ‘ದ್ಯಾನ್ ದ್ಯಾಟ್ ಆಫ್ ಮುಂಬೈ’ ಎಂದು ತಿದ್ದಿದರೆ? ಅವಸರದಲ್ಲಿದ್ದವರು ಬೀಳುವುದು ಇಲ್ಲಿಯೇ. ಅದರ ಅರ್ಥ ಮುಂಬೈಯ ಬಾಡಿಗೆ. ಇಡೀ ನಗರವನ್ನೇ ಯಾರೋ ತಿಂಗಳ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟಂತೆ. ‘ದ್ಯಾನ್ ದೋಸ್ ಇನ್ ಮುಂಬೈ’ ಎಂದರೆ ಬಾಡಿಗೆ ಒಂದೇ, ಸರ್ವನಾಮ ಬಹುವಚನ. ‘ಲೋವರ್ ಕಂಪೇರ್ಡ್ ಟು ಮುಂಬೈ’ ಎಂದರೆ ಒಂದೇ ಹೋಲಿಕೆಯನ್ನು ಎರಡು ಸಲ ಮಾಡಿದಂತೆ, ಊರಿನ ತಕರಾರೂ ಹಾಗೆಯೇ ಉಳಿಯುತ್ತದೆ. ಕೊನೆಗೆ ನಿಲ್ಲುವುದು ‘ದ್ಯಾನ್ ದ್ಯಾಟ್ ಆಫ್ ಒನ್ ಇನ್ ಮುಂಬೈ’: ಬಾಡಿಗೆಗೆ ಬಾಡಿಗೆ, ಮನೆಗೆ ಮನೆ. ಹೀಗೆ ಮಾತಾಡುವವರನ್ನು ಇಂಗ್ಲೆಂಡಿನಲ್ಲೂ ಹುಡುಕಬೇಕಾದೀತು. ಆದರೆ ಏನನ್ನು ಯಾವುದಕ್ಕೆ ಹೋಲಿಸುತ್ತಿದ್ದೇವೆ ಎಂದು ಇದರಷ್ಟು ಕಟ್ಟುನಿಟ್ಟಾಗಿ ಕೇಳುವ ಪ್ರಶ್ನೆ ಅಪರೂಪ. ಕಂಪನಿಯ ಲಾಭವನ್ನು ಕಳೆದ ವರ್ಷದ ಲಾಭಕ್ಕೆ ಹೋಲಿಸಿದ್ದಾರೋ, ಕಳೆದ ವರ್ಷಕ್ಕೇ ಹೋಲಿಸಿದ್ದಾರೋ ಎಂದು ವರದಿಯ ಸಾಲಿನಲ್ಲಿ ನಿಂತು ನೋಡುವ ಅಭ್ಯಾಸ ವ್ಯಾಪಾರ ಕಲಿಯುವವರಿಗೆ ಬೇಡದ್ದೇನಲ್ಲ.

ನೇತಾಡುವ ವಿಶೇಷಣದ ಪ್ರಶ್ನೆಗಳೂ ಇದೇ ಜಾತಿಯವು. ‘ವಾಕಿಂಗ್ ಇನ್‌ಟು ದ ಹಾಲ್, ದ ಲೈಟ್ಸ್ ವೆಂಟ್ ಔಟ್’ ಎಂದರೆ ದೀಪಗಳೇ ಸಭಾಂಗಣಕ್ಕೆ ನಡೆದುಬಂದವು ಎಂದಾಗುತ್ತದೆ. ಇದನ್ನು ಕಲಿಸುವಾಗ ಇಂಗ್ಲಿಷಿನದೇ ಒಂದು ವಿಚಿತ್ರ ಕಟ್ಟಳೆ ಎಂಬಂತೆ ಕೋಚಿಂಗಿನವರು ಹೇಳುವುದುಂಟು. ಕನ್ನಡಕ್ಕೂ ಈ ಕಟ್ಟಳೆ ಗೊತ್ತು. ‘ಬಸ್ಸಿನಿಂದ ಇಳಿದು ಮಳೆ ಶುರುವಾಯಿತು’ ಎಂದರೆ ಅಕ್ಷರ ಬಾರದ ಅಜ್ಜಿಯೂ ನಕ್ಕಾಳು; ಇಳಿದವರು ಯಾರು, ಮಳೆಯೇ? ‘ಇಳಿದಾಗ’ ಎಂದ ಕೂಡಲೇ ವಾಕ್ಯ ಸರಿಹೋಗುತ್ತದೆ. ಧಾರವಾಡದ ಹುಡುಗನಿಗೆ ಅವನದೇ ಭಾಷೆಯ ಈ ತಿಳಿವಳಿಕೆಯನ್ನು ಹಿಡಿದುಕೊಟ್ಟರೆ ಹತ್ತು ನಿಮಿಷದ ಪಾಠ. ಅದರ ಬದಲು ‘ಡ್ಯಾಂಗ್ಲಿಂಗ್ ಮಾಡಿಫೈಯರ್’ ಎಂಬ ಹೆಸರನ್ನು ಉರು ಹೊಡೆಸುತ್ತಾರೆ.

ಜಿಮ್ಯಾಟ್‌ನ ವಾಕ್ಯ ಪ್ರಶ್ನೆ ತನ್ನ ಒಳ್ಳೆಯ ದಿನಗಳಲ್ಲಿ ಅರ್ಥದ ಪರೀಕ್ಷೆಯಾಗಿತ್ತು. ಕೆಟ್ಟ ದಿನಗಳೂ ಸಾಕಷ್ಟಿದ್ದವು. ಆಗ ಅದು ಒಂದು ಮನೆತನದ ಮಡಿ ಮೈಲಿಗೆಯ ಪಟ್ಟಿಯಾಗುತ್ತಿತ್ತು. ‘ಕನ್ಸಿಡರ್’ ಆದಮೇಲೆ ‘ಆ್ಯಸ್’ ಬರಕೂಡದು. ಉದಾಹರಣೆ ಕೊಡುವಾಗ ‘ಲೈಕ್’ ಬೇಡ, ‘ಸಚ್ ಆ್ಯಸ್’ ಬೇಕು. ‘ವಿಚ್’ ತನ್ನ ಪಕ್ಕದ ನಾಮಪದವನ್ನೇ ಹಿಡಿಯಬೇಕು, ಹಿಂದಿನ ಇಡೀ ಮಾತನ್ನು ಸೂಚಿಸಬಾರದು. ಇಂಗ್ಲಿಷಿನ ಒಳ್ಳೊಳ್ಳೆಯ ಗದ್ಯಕಾರರೇ ಈ ಮೂರನ್ನೂ ದಿನನಿತ್ಯ ಮುರಿಯುತ್ತಾರೆ, ಓದುಗರಿಗೆ ಅರ್ಥ ಕೆಟ್ಟಿಲ್ಲ. ಇಂಥವನ್ನು ಯೋಚಿಸಿ ಕಂಡುಕೊಳ್ಳುವ ಹಾದಿಯೇ ಇಲ್ಲ. ಒಂದೋ ಗೊತ್ತಿರಬೇಕು, ಇಲ್ಲವೇ ಅಂಕ ಹೋಗಬೇಕು. ತರ್ಕವನ್ನು ಅಳೆಯುತ್ತೇವೆ ಎಂದುಕೊಂಡ ಪರೀಕ್ಷೆಯೊಳಗೆ ನೆನಪಿನ ಪರೀಕ್ಷೆ ಹೀಗೆ ನುಸುಳಿತು. ‘ಬೀಯಿಂಗ್’ ಕಂಡರೆ ಆ ಆಯ್ಕೆಯನ್ನು ಹೊಡೆದುಹಾಕಿ ಎಂಬಂಥ ಕೋಚಿಂಗ್ ಸೂತ್ರಗಳು ಹುಟ್ಟಿದ್ದು ಈ ಬಿರುಕಿನಲ್ಲೇ. ಕೊನೆಯ ವರ್ಷಗಳಲ್ಲಿ ಪ್ರಶ್ನೆಗಳು ಅರ್ಥದ ಕಡೆಗೆ ಹೆಚ್ಚು ವಾಲಿದ್ದು ನಿಜ, ಆದರೂ ಹಳೆಯ ಪಟ್ಟಿಯ ಭಯ ಅಭ್ಯರ್ಥಿಗಳನ್ನು ಬಿಡಲಿಲ್ಲ.

ಪಟ್ಟಿ ಯಾರದ್ದು ಎಂಬ ಪ್ರಶ್ನೆ ಒಮ್ಮೆ ಬೀದಿಗೇ ಬಂತು. 2002ರ ಅಕ್ಟೋಬರ್‌ನಲ್ಲಿ ಅಮೆರಿಕದ ಶಾಲಾ ಮಕ್ಕಳು ಬರೆದ ಪಿಎಸ್‌ಎಟಿ ಪರೀಕ್ಷೆಯಲ್ಲಿ ನೊಬೆಲ್ ಪಡೆದ ಕಾದಂಬರಿಕಾರ್ತಿ ಟೋನಿ ಮಾರಿಸನ್ ಕುರಿತ ಒಂದು ವಾಕ್ಯವಿತ್ತು. ಮಾರಿಸನ್ನರ ಪ್ರತಿಭೆ ಆಕೆಯಿಂದ ಎಂಥ ಕಾದಂಬರಿಗಳನ್ನು ಬರೆಸುತ್ತದೆ ಎಂಬುದು ಅದರ ಸಾರ. ಎಲ್ಲಿ ತಪ್ಪಿದೆ ಗುರುತಿಸಿ ಎಂದು ಕೇಳಲಾಗಿತ್ತು. ಪ್ರಶ್ನೆ ತಯಾರಿಸಿದ ಇಟಿಎಸ್ ಸಂಸ್ಥೆಯ ಉತ್ತರ: ತಪ್ಪಿಲ್ಲ. ಮೇರಿಲ್ಯಾಂಡಿನ ಒಬ್ಬ ಹೈಸ್ಕೂಲು ಮೇಷ್ಟ್ರು ಒಪ್ಪಲಿಲ್ಲ. ವಾಕ್ಯದಲ್ಲಿ ‘ಮಾರಿಸನ್ಸ್’ ಎಂಬ ಷಷ್ಠಿ ರೂಪವಷ್ಟೇ ಇದೆ, ‘ಮಾರಿಸನ್’ ಎಂಬ ನಾಮಪದ ಇಲ್ಲ. ಹಾಗಿರುವಾಗ ‘ಹರ್’ ಎಂಬ ಸರ್ವನಾಮ ಯಾರನ್ನು ಹಿಡಿದು ನಿಲ್ಲಬೇಕು? ಎಷ್ಟೋ ವ್ಯಾಕರಣ ಪುಸ್ತಕಗಳು ಇದನ್ನು ತಪ್ಪೆಂದೇ ಹೇಳುತ್ತಿದ್ದವು. ಸಂಸ್ಥೆ ಮೊದಲು ಜಗ್ಗಲಿಲ್ಲ, ಮೇಷ್ಟ್ರು ಬಿಡಲಿಲ್ಲ. ಪತ್ರ ವ್ಯವಹಾರ ತಿಂಗಳುಗಟ್ಟಲೆ ನಡೆದು, ಕೊನೆಗೆ 2003ರಲ್ಲಿ ಆ ಪ್ರಶ್ನೆಯನ್ನು ಲೆಕ್ಕದಿಂದ ತೆಗೆದು ಅಂಕಗಳನ್ನು ಹೊಸದಾಗಿ ಎಣಿಸಿದರು.

ಈ ಪ್ರಕರಣದಲ್ಲಿ ಗೆದ್ದ ಮೇಷ್ಟ್ರ ನಿಯಮವೇ ಗಟ್ಟಿಯಾದದ್ದಲ್ಲ. ‘ರಮೇಶನ ಅಮ್ಮ ಅವನಿಗೆ ಊಟ ಬಡಿಸಿದಳು’ ಎಂಬಂಥ ವಾಕ್ಯವನ್ನು ಇಂಗ್ಲಿಷಿನವರು ಶತಮಾನಗಳಿಂದ ಬರೆಯುತ್ತ ಬಂದಿದ್ದಾರೆ, ‘ಅವನು’ ಯಾರೆಂದು ಯಾರಿಗೂ ಗೊಂದಲವಾಗಿಲ್ಲ. ಆದರೂ ಜಿಮ್ಯಾಟ್ ಕೋಚಿಂಗಿನಲ್ಲಿ ಈ ನಿಯಮಕ್ಕೆ ‘ಪೊಸೆಸಿವ್ ಪಾಯ್ಸನ್’ ಎಂಬ ಭರ್ಜರಿ ಹೆಸರಿಟ್ಟು ಬಾಯಿಪಾಠ ಮಾಡಿಸಿದರು. ಪಿಎಸ್‌ಎಟಿಯ ಮೊದಲ ಎಣಿಕೆಯಲ್ಲಿ, ನಿಯಮ ಬಲ್ಲ ಹುಡುಗಿ ‘ಹರ್’ ತಪ್ಪೆಂದು ಗುರುತಿಸಿ ಅಂಕ ಕಳೆದುಕೊಂಡಳು, ಅದರ ಸುದ್ದಿಯೇ ಗೊತ್ತಿಲ್ಲದವಳು ‘ತಪ್ಪಿಲ್ಲ’ ಎಂದು ಬರೆದು ಗಳಿಸಿದಳು. ಹೆಚ್ಚು ಓದಿದವರು ಹಿಂದೆ ಬೀಳುವಂತೆ ಮಾಡುವ ಪ್ರಶ್ನೆ ಏನನ್ನು ಅಳೆಯುತ್ತದೆ? ‘ತಪ್ಪಿಲ್ಲ’ ಎಂಬ ಆಯ್ಕೆಯ ತೊಂದರೆಯೂ ಇದೇ. ಉಳಿದ ಆಯ್ಕೆಗಳಲ್ಲಿ ಪರೀಕ್ಷಕ ಒಂದು ತಪ್ಪನ್ನು ತೋರಿಸಿದರೆ ಸಾಕು. ‘ತಪ್ಪಿಲ್ಲ’ ಎನ್ನಬೇಕಾದರೆ ಜಗತ್ತಿನ ಯಾವ ವ್ಯಾಕರಣ ಪುಸ್ತಕದ ಪ್ರಕಾರವೂ ತಪ್ಪಿಲ್ಲ ಎಂದು ಸಾಧಿಸಬೇಕು.

ಅಮೆರಿಕದ ಪರೀಕ್ಷಾ ಸಂಸ್ಥೆಗಳು ಈ ಬಗೆಯ ಪ್ರಶ್ನೆಯಿಂದ ಮೆಲ್ಲಗೆ ಕೈ ತೊಳೆದುಕೊಂಡವು. ಹಾದಿ ನೇರವಾಗಿರಲಿಲ್ಲ. 2005ರಲ್ಲಿ ಬಂದ ಇಂಟರ್‌ನೆಟ್ ಟೋಫೆಲ್‌ನಲ್ಲಿ ಬಿಡಿ ವಾಕ್ಯಗಳ ವ್ಯಾಕರಣ ವಿಭಾಗವೇ ಇರಲಿಲ್ಲ. ಅದೇ ವರ್ಷ ಕಾಲೇಜು ಪ್ರವೇಶದ ಎಸ್‌ಎಟಿ ತನ್ನ ಹೊಸ ಬರವಣಿಗೆ ವಿಭಾಗದಲ್ಲಿ ವಾಕ್ಯ ತಿದ್ದುವ, ತಪ್ಪು ಹುಡುಕುವ ಪ್ರಶ್ನೆಗಳನ್ನು ಬರಮಾಡಿಕೊಂಡಿತು. 2016ರ ಹೊತ್ತಿಗೆ ಎಸ್‌ಎಟಿಯೂ ಮನಸ್ಸು ಬದಲಿಸಿ, ಬಿಡಿ ವಾಕ್ಯ ಕೈಬಿಟ್ಟು, ಪೂರ್ತಿ ಗದ್ಯಭಾಗ ಕೊಟ್ಟು ಅದರೊಳಗೆ ತಿದ್ದಿ ಎಂದಿತು. ಇದು ನಿಜವಾದ ಸುಧಾರಣೆ. ಹಿಂದೆ ಮುಂದೆ ಏನಿದೆ ಎಂದು ಗೊತ್ತಿದ್ದಾಗಲೇ ಒಂದು ವಾಕ್ಯ ಸರಿಯೋ ಅಲ್ಲವೋ ಎಂಬ ಮಾತಿಗೆ ಬೆಲೆ. ಪತ್ರಿಕೆಯ ಡೆಸ್ಕಿನಲ್ಲಿ ಕುಳಿತ ಉಪಸಂಪಾದಕರು ಕೆಲಸ ಮಾಡುವುದೂ ಹಾಗೆಯೇ. ನಮ್ಮ ಐಐಎಂಗಳ ಕ್ಯಾಟ್ ಪರೀಕ್ಷೆ ಕೂಡ ಕೆಲವು ವರ್ಷಗಳಿಂದ ಬಿಡಿ ವ್ಯಾಕರಣವನ್ನು ಬದಿಗಿಟ್ಟು ಗದ್ಯ ಓದು, ಚೆಲ್ಲಾಪಿಲ್ಲಿ ವಾಕ್ಯಗಳ ಜೋಡಣೆ, ಸಾರಾಂಶಗಳ ಮೇಲೆ ನಿಂತಿದೆ. ಜಿಮ್ಯಾಟ್ ಎಸ್‌ಎಟಿಯಂತೆ ತಿದ್ದಿಕೊಳ್ಳುವ ಬದಲು ಕಿತ್ತೇ ಹಾಕಿತು. ಹೋಲಿಕೆ, ವಿಶೇಷಣದ ಪ್ರಶ್ನೆಗಳನ್ನು ಉಳಿಸಿಕೊಂಡು ‘ಸಚ್ ಆ್ಯಸ್’ ಮಡಿಯನ್ನಷ್ಟೇ ಬಿಡಬಹುದಿತ್ತು. ಕಾಳನ್ನೂ ಜೊಳ್ಳಿನ ಜೊತೆಗೇ ತೂರಿದಂತಾಯಿತು.

ಭಾರತದ ಸರ್ಕಾರಿ ನೇಮಕಾತಿ ಪರೀಕ್ಷೆಗಳಲ್ಲಿ ಆದದ್ದು ಇದರ ತಿರುಗುಮುರುಗು. ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಪದವೀಧರ ಮಟ್ಟದ ಪರೀಕ್ಷೆಯ ಮೊದಲ ಹಂತದಲ್ಲಿ ನೂರರಲ್ಲಿ 25 ಪ್ರಶ್ನೆ ಇಂಗ್ಲಿಷಿನವು. ಸರಿಯಾದರೆ ಎರಡು ಅಂಕ, ತಪ್ಪಾದರೆ ಅರ್ಧ ಅಂಕ ಕಡಿತ. ‘ಸ್ಪಾಟ್ ದ ಎರರ್’, ‘ಸೆಂಟೆನ್ಸ್ ಇಂಪ್ರೂವ್‌ಮೆಂಟ್’ ಅಲ್ಲಿನ ಖಾಯಂ ಗಿರಾಕಿಗಳು. ಬ್ಯಾಂಕ್ ಪರೀಕ್ಷೆಗಳಲ್ಲೂ ಇದೇ ಬಗೆ. 2023ರಿಂದ ಇದೇ ಕಮಿಷನ್ನಿನ ಎಂಟಿಎಸ್, ಸಿಎಚ್‌ಎಸ್‌ಎಲ್ ಪರೀಕ್ಷೆಗಳನ್ನು ಕನ್ನಡದಲ್ಲೂ ಬರೆಯುವ ಅವಕಾಶ ಸಿಕ್ಕಿತು, ಒಳ್ಳೆಯದೇ. ಇಂಗ್ಲಿಷ್ ಭಾಗ ಮಾತ್ರ ಅಲ್ಲಿಯೇ ಇದೆ. ಬೆಂಗಳೂರಿನ ವಿಜಯನಗರದ, ಧಾರವಾಡದ ಕೋಚಿಂಗ್ ಕೋಣೆಗಳಲ್ಲಿ ಕುಳಿತವರು ಕಲಿಯುವುದೇನು? ‘ನೋ ಸೂನರ್’ ಬಂದರೆ ‘ದ್ಯಾನ್’, ‘ಹಾರ್ಡ್ಲಿ’ ಬಂದರೆ ‘ವೆನ್’, ‘ಲೆಸ್ಟ್’ ಬಂದರೆ ‘ಶುಡ್’. ವಾಕ್ಯ ಓದಬೇಕಾಗಿಯೇ ಇಲ್ಲ. ಮೊದಲ ಎರಡು ಪದ ನೋಡಿ, ಜೋಡಿ ಪದ ಹುಡುಕಿದರೆ ಮುಗಿಯಿತು. ‘ಲೆಸ್ಟ್’ ಎಂಬ ಪದವನ್ನು ಬದುಕಿನಲ್ಲಿ ಒಮ್ಮೆಯೂ ಬರೆಯದೆ ನಿವೃತ್ತರಾದ ಗುಮಾಸ್ತರೇ ಹೆಚ್ಚಿದ್ದಾರು.

ಈ ಪಟ್ಟಿಯ ಬೇರು ಹಳೆಯದು. ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿ ಬರೆದ ಪಿ.ಸಿ. ರೆನ್ ಮತ್ತು ಎಚ್. ಮಾರ್ಟಿನ್ ಸೇರಿ ಭಾರತದ ಶಾಲೆಗಳಿಗೆಂದು ಮಾಡಿದ ವ್ಯಾಕರಣ ಪುಸ್ತಕ, ಮುಂದೆ ಎನ್.ಡಿ.ವಿ. ಪ್ರಸಾದ ರಾವ್ ಪರಿಷ್ಕರಿಸಿದ್ದು, ಇಂದಿಗೂ ಪರೀಕ್ಷಾರ್ಥಿಗಳ ಮೇಜಿನ ಮೇಲಿದೆ. ಪುಸ್ತಕವನ್ನು ದೂರಿ ಫಲವಿಲ್ಲ; ಅದು ತನ್ನ ಕಾಲದ ಶಾಲೆಗೆ ಬರೆದದ್ದು. ಅದರ ಅಭ್ಯಾಸದ ವಾಕ್ಯಗಳ ಅಚ್ಚನ್ನೇ ಇಂದಿನ ನೌಕರಿಯ ಅಳತೆಗೋಲು ಮಾಡಿಕೊಂಡವರನ್ನು ಕೇಳಬೇಕು.

ಕನ್ನಡ ಮಾತಿನವರು ಇಂಗ್ಲಿಷಿನಲ್ಲಿ ನಿಜವಾಗಿ ಎಡವುವ ಜಾಗಗಳು ಬೇರೆಯೇ ಇವೆ. ‘ನಿನ್ನೆ ಊರಿಗೆ ಹೋಗಿದ್ದೆ’ ಎನ್ನುವ ಅಭ್ಯಾಸದಿಂದ ‘ಐ ಹ್ಯಾಡ್ ಗಾನ್ ಯೆಸ್ಟರ್‌ಡೇ’ ಬರುತ್ತದೆ. ಅದರಿಂದ ಕೆಲವೊಮ್ಮೆ ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ಎಂಬುದೇ ಕಚೇರಿಯ ಟಿಪ್ಪಣಿಯಲ್ಲಿ ಅದಲುಬದಲಾಗುತ್ತದೆ. ‘ಅದರ ಬಗ್ಗೆ ಚರ್ಚಿಸಿದರು’ ಎಂಬುದರ ಜಾಡಿನಲ್ಲಿ ‘ಡಿಸ್ಕಸ್ ಅಬೌಟ್’ ಬರುತ್ತದೆ. ಇದರಿಂದ ಯಾವ ಅರ್ಥವೂ ಕೆಡುವುದಿಲ್ಲ. ಪರೀಕ್ಷೆಯಲ್ಲಿ ಎರಡಕ್ಕೂ ಒಂದೇ ಬೆಲೆ: ಎರಡು ಅಂಕ, ಇಲ್ಲವೇ ಅರ್ಧ ಅಂಕದ ದಂಡ.

ಇದರ ಬದಲು ಅರ್ಥವನ್ನೇ ಅಳೆಯುವಂತೆ ಬ್ಯಾಂಕಿನ ಒಂದು ಸೂಚನಾಫಲಕವನ್ನು ಪ್ರಶ್ನೆಯಾಗಿ ಕೊಡಬಹುದು: ಪಿಂಚಣಿದಾರರು ಮೂರು ಗಂಟೆಯ ನಂತರ ಮಾತ್ರ ಬರಬೇಕೋ, ಮೂರು ಗಂಟೆಯ ನಂತರ ಪಿಂಚಣಿದಾರರು ಮಾತ್ರ ಬರಬೇಕೋ? ಇಂಗ್ಲಿಷಿನಲ್ಲಿ ‘ಓನ್ಲಿ’ ಎಲ್ಲಿ ಕೂರುತ್ತದೆ ಎಂಬುದರ ಮೇಲೆ ಕೌಂಟರಿನ ಮುಂದಿನ ಸಾಲು ನಿರ್ಧಾರವಾಗುತ್ತದೆ, ಅಲ್ಲಿ ಕೂರಲಿರುವ ಗುಮಾಸ್ತ ಆ ಫಲಕವನ್ನು ಬರೆಯಬೇಕಾಗಿಯೂ ಬರುತ್ತದೆ. ಇಂಥ ಪ್ರಶ್ನೆ ತಯಾರಿಸಲು ಪರಿಸ್ಥಿತಿ ಕಲ್ಪಿಸಬೇಕು, ನಾಲ್ಕು ಆಯ್ಕೆಗಳಲ್ಲಿ ಮೂರನ್ನು ನಂಬುವಂತೆ ತಪ್ಪಾಗಿಸಬೇಕು, ಇಬ್ಬರು ಮೂವರು ಕೂತು ತಕರಾರು ತೆಗೆದು ನೋಡಬೇಕು. ಲಕ್ಷಗಟ್ಟಲೆ ಅಭ್ಯರ್ಥಿಗಳಿಗೆ ಹಲವು ಪಾಳಿಗಳಲ್ಲಿ ಬೇರೆಬೇರೆ ಪ್ರಶ್ನೆಪತ್ರಿಕೆ ಒದಗಿಸಬೇಕಾದ ಆಯೋಗಕ್ಕೆ ‘ನೋ ಸೂನರ್’ ಪ್ರಶ್ನೆಯಷ್ಟು ಅಗ್ಗವಾಗಿ ಅದು ಸಿಗುವುದಿಲ್ಲ.