ಹುಡ್ ಜೀಪು ನೋಡಬೇಕಾದದ್ದು ಆಟಿಯಲ್ಲಿ

ಹುಡ್ ಜೀಪನ್ನು ಬೇಸಿಗೆಯಲ್ಲಿ ಕೊಳ್ಳಬಾರದು. ನಾನು ಕೊಂಡಿದ್ದೆ. ಕಡಬದಿಂದ ಸುಬ್ರಹ್ಮಣ್ಯದ ಕಡೆಗೆ ಗಾಳಿಗೆ ಮುಖ ಕೊಟ್ಟು ಹೋಗುವಾಗ ಇದಕ್ಕಿಂತ ಸುಖದ ವಾಹನ ಬೇರೆ ಇಲ್ಲ ಅನ್ನಿಸಿತ್ತು. ಪತ್ತನಾಜೆ ಕಳೆದು ಮಳೆ ಹಿಡಿದದ್ದೇ ತಡ, ಗಾಜಿನ ಫ್ರೇಮಿಗೂ ಹುಡ್ಡಿಗೂ ನಡುವಿನ ಸಂದಿನಿಂದ ನೀರು ಸೀದಾ ಮೊಣಕಾಲಿನ ಮೇಲೆ. ಬಲಗೈಯಲ್ಲಿ ಸ್ಟೇರಿಂಗ್, ಎಡಗೈಯಲ್ಲಿ ಬೈರಾಸು.

ಗುಂಡಿ ಒತ್ತಿದರೆ ಮಾಡು ಮಡಚಿಕೊಳ್ಳುವ ಕಾರು ಬೆಂಗಳೂರಿನವರಿಗಿರಲಿ. ನಮ್ಮ ಕನ್ವರ್ಟಿಬಲ್ ಅಂದರೆ ಮಹೀಂದ್ರದ ಎಂಎಂ 540, ಕಮಾಂಡರ್, ಈಚೆಗೆ ಥಾರ್. ಇವುಗಳಲ್ಲಿ ಹರಿದ ಹುಡ್ ಕಂಡರೆ ನನಗೆ ಹೆದರಿಕೆಯಿಲ್ಲ, ಹೊಲಿಸಬಹುದು. ಹೆದರಿಕೆ ಹೊಸ ಹುಡ್ ಕಂಡಾಗ. ಬಟ್ಟೆ ಹೊಸತು ಮಾಡಿದವರು ಏನನ್ನು ಮುಚ್ಚಿದ್ದಾರೆ?

ಹಿಂದಿನ ಸೀಟಿನ ಅಡಿಯ ಮ್ಯಾಟ್ ಎಬ್ಬಿಸಿ ನೋಡಿ. ನೀಲಿ ಕಲೆ ಇದ್ದರೆ ಆ ಜೀಪು ಅಡಿಕೆ ತೋಟಕ್ಕೆ ಮದ್ದು ಹೊತ್ತದ್ದು. ಬೋರ್ಡೋ ದ್ರಾವಣ ಹದವಾಯಿತೋ ಎಂದು ಕತ್ತಿ ಅದ್ದಿ ನೋಡುತ್ತೇವಲ್ಲ, ಸುಣ್ಣ ಸಾಲದಿದ್ದರೆ ಅಲಗಿನ ಮೇಲೆ ತಾಮ್ರದ ಕೆಂಪು ಕೂರುತ್ತದೆ. ಮೈಲುತುತ್ತಿನ ನೀರು ಚೆಲ್ಲಿದ ಜೀಪಿನ ತಳದಲ್ಲಿ ಅದೇ ಕೆಲಸ ವರ್ಷಗಟ್ಟಲೆ ನಡೆದಿರುತ್ತದೆ. ತುತ್ತು ಕರಗಿಸಲಿಕ್ಕೆ ಕಬ್ಬಿಣದ ಪಾತ್ರೆ ಆಗದು ಎಂದು ಗೊತ್ತಿದ್ದವರೇ ಡ್ರಮ್ಮನ್ನು ಕಬ್ಬಿಣದ ಜೀಪಿಗೆ ಏರಿಸುವುದು! ರಬ್ಬರ್ ತೋಟದ್ದಾದರೆ ಆಸಿಡ್ಡಿನ ಉಪದ್ರ. ಸ್ಕ್ರೂಡ್ರೈವರಿನ ಹಿಡಿಯಿಂದ ತಳವನ್ನು ಕುಟ್ಟುತ್ತಾ ಹೋಗಿ. ಠಣ್ ಅಂದರೆ ತಗಡು, ದೊಬ್ ಅಂದರೆ ಪಟ್ಟಿ ಮೆತ್ತಿ ಬಣ್ಣ ಹೊಡೆದದ್ದು.

ಆರ್‌ಸಿಯಲ್ಲಿರುವ ಎಂಜಿನ್ ನಂಬರೇ ಎಂಜಿನ್ನಿನ ಮೇಲೂ ಉಂಟೋ ನೋಡಿ. ಹಳೆ ಜೀಪುಗಳಿಗೆ ಬೇರೆ ಎಂಜಿನ್ ಕೂರಿಸುವ ಚಾಳಿ ಇದೆ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಕಾಸರಗೋಡಿನ ಕೆಎಲ್ 14 ಗಾಡಿಯಾದರೆ ಎನ್‌ಒಸಿ, ಇಲ್ಲಿಯ ತೆರಿಗೆ ಸೇರಿಸಿಯೇ ಬೆಲೆ ಮಾತಾಡಿ.

ಇನ್ನು 2020ರ ಅಕ್ಟೋಬರಿನಲ್ಲಿ ಬಂದ ಹೊಸ ಥಾರ್. ‘ವಾರಂಟಿ ಉಂಟಲ್ಲ ಮಾರಾಯ್ರೆ’ ಅನ್ನುತ್ತಾರೆ ಮಾರುವವರು. ಉಂಟು, ಯಾವುದಕ್ಕೆ? ತಯಾರಿಕೆಯ ದೋಷಕ್ಕೆ. ಬಿಸಿಲಿಗೆ ಗಟ್ಟಿಯಾದ ಬೀಡಿಂಗ್, ಹಲ್ಲು ಸವೆದ ಜಿಪ್, ಹೊಲಿಗೆ ಬಿಟ್ಟ ಬಟ್ಟೆ ಇವೆಲ್ಲ ಸವಕಳಿಯ ಲೆಕ್ಕಕ್ಕೆ ಹೋಗುತ್ತವೆ. ಮೊದಲಿನವರು ಹೊರಗಿನ ಅಂಗಡಿಯಲ್ಲಿ ವಯರ್ ಕತ್ತರಿಸಿ ಫಾಗ್ ಲೈಟ್ ಹಾಕಿಸಿದ್ದರೆ ವಯರಿಂಗಿಗೂ ತಕರಾರು ಬಂದೀತು. ಚಾಸಿಸ್ ನಂಬರ್ ಕೊಟ್ಟು ಶೋರೂಮಿನಲ್ಲೇ ವಿಚಾರಿಸಿ: ಎಷ್ಟು ಅವಧಿ ಉಳಿದಿದೆ, ನಿಮ್ಮ ಹೆಸರಿಗೆ ಬರುತ್ತದೋ, ಯಾವ ಸರ್ವಿಸ್ ತಪ್ಪಿದೆ. ಹಳೆ ಗಾಡಿ ವ್ಯಾಪಾರಿಯ ವಾರಂಟಿಯಲ್ಲಿ ಸಾಮಾನ್ಯವಾಗಿ ಎಂಜಿನ್, ಗೇರ್‌ಬಾಕ್ಸ್ ಇರುತ್ತವೆ. ಹುಡ್ ಇದ್ದದ್ದನ್ನು ನಾನಂತೂ ಕಂಡಿಲ್ಲ. ಸೋರಿದರೆ ಮಾಡಿಸಿಕೊಡುತ್ತೇನೆ ಅಂದರೆ ರಶೀದಿಯ ಮೇಲೆಯೇ ಬರೆಸಿಕೊಳ್ಳಿ. ನನಗೆ ಮಾರಿದವರೂ ಬಾಯಲ್ಲಿ ಹೇಳಿದ್ದರು.

ಆಟಿಯವರೆಗೆ ಕಾಯಲಿಕ್ಕಾಗದವರು ತೋಟದ ಸ್ಪ್ರಿಂಕ್ಲರ್ ಅಡಿಯಲ್ಲಿ ಜೀಪು ನಿಲ್ಲಿಸಿ, ಹತ್ತು ನಿಮಿಷ ಒಳಗೆ ಕೂರಿ. ಮಾರುವವರನ್ನೂ ಪಕ್ಕದ ಸೀಟಿನಲ್ಲಿ ಕೂರಿಸಿಕೊಳ್ಳಿ.